ಕೋಲ್ಕತ್ತಾಗೆ ಹೊರಟ ಮಗಳಿಗೊಂದು ಪತ್ರ

ಕೊಪ್ಪಳ,
ಭಾನುವಾರ ಬೆಳಗ್ಗೆ

ಪ್ರೀತಿಯ ಮಗಳಿಗೆ,

ನಿನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಅಪ್ಪಾ, ಈ ಸಲ ಆಡಿಟ್ ಕೋಲ್ಕತ್ತಾದಾಗ ಐತಿ, ಹತ್ತು ದಿನ. ಓದಾಕ ಏನರ ಹೇಳು, ಕತಿ ಕಾದಂಬರಿ ಬ್ಯಾಡ" ಅಂತ. ಅಷ್ಟರಲ್ಲಿ ನಿಮ್ಮವ್ವ ರೊಟ್ಟಿ ಎಷ್ಟು ಕಟ್ಟಲಿ ಅಂತ ಫೋನು ಕಸಿದುಕೊಂಡಳು. ನನ್ನ ಮಾತು ಉಳಿದುಹೋಯಿತು. ರಾತ್ರಿ ಮಲಗಿದಾಗಲೂ ಅದೇ ಯೋಚನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಬೀಜದ ಕಂಪನಿಯಲ್ಲಿದ್ದಾಗ ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲೇ ಇರುತ್ತಿದ್ದೆ. ಗಂಗಾವತಿ, ಕಾರಟಗಿ, ಸಿಂಧನೂರು, ಮಸ್ಕಿ, ಲಿಂಗಸುಗೂರು. ಬ್ಯಾಗಿನಲ್ಲಿ ಬೀಜದ ಪಾಕೀಟು, ಬಿಲ್ ಬುಕ್ಕು, ಒಂದು ಪುಸ್ತಕ. ಮೊದಮೊದಲು ಕೆಲಸಕ್ಕೆ ಉಪಯೋಗವಾಗಲಿ ಅಂತ ಮಾರಾಟ ಹೆಚ್ಚಿಸುವುದು ಹೇಗೆ ಅನ್ನುವಂಥ ಪುಸ್ತಕ ಒಯ್ಯುತ್ತಿದ್ದೆ. ಹಗಲೆಲ್ಲ ಅಂಗಡಿಯವರ ಹತ್ತಿರ ಬಾಕಿ ಕೇಳಿ, ರಾತ್ರಿ ಲಾಡ್ಜಿನಲ್ಲಿ ಮತ್ತೆ ಅದನ್ನೇ ಓದುವುದು. ಸುಸ್ತು ಇಳಿಯುತ್ತಿರಲಿಲ್ಲ, ಜಾಸ್ತಿ ಆಗುತ್ತಿತ್ತು. ನೀನು ದಿನವಿಡೀ ಲೆಕ್ಕ ನೋಡುವವಳು. ರಾತ್ರಿಗೆ ಹಣಕಾಸಿನ ಪುಸ್ತಕ ಬೇಡವ್ವ.

ನನ್ನ ಓದು ಬದಲಾಗಿದ್ದು ಮಸ್ಕಿಯಿಂದ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವಾಗ ಮಸ್ಕಿಯಲ್ಲಿ ಬಸ್ ನಿಲ್ಲುತ್ತಿತ್ತು. ಇಳಿದು ಮಂಡಕ್ಕಿ ಒಗ್ಗರಣಿ, ಮಿರ್ಚಿ ತಿಂದು ಚಾ ಕುಡಿಯುತ್ತಿದ್ದೆ. ಎದುರಿಗೇ ಗುಡ್ಡ. ಹನ್ನೊಂದು ವರ್ಷ ಆ ಗುಡ್ಡ ನೋಡುತ್ತಾ ಮಿರ್ಚಿ ತಿಂದಿದ್ದೇನೆ. ಒಂದು ಸಲ ಕಂಪನಿ ಮೀಟಿಂಗಿಗೆ ಬಳ್ಳಾರಿಗೆ ಹೋದಾಗ, ರಸ್ತೆ ಬದಿಯಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂತವನ ಹತ್ತಿರ ನಮ್ಮ ಕಡೆಯ ಶಾಸನಗಳ ಮೇಲಿನ ಒಂದು ತೆಳ್ಳನೆಯ ಪುಸ್ತಕ ಸಿಕ್ಕಿತು. ಅದರಲ್ಲಿ ಮಸ್ಕಿ ಇತ್ತು.

1915ರಲ್ಲಿ ಬೀಡನ್ ಅನ್ನುವ ಒಬ್ಬ ಇಂಜಿನಿಯರ್ ಈ ಸೀಮೆಯಲ್ಲಿ ಬಂಗಾರದ ಅದಿರು ಹುಡುಕುತ್ತಿದ್ದ. ಅವನ ಕಣ್ಣಿಗೆ ಮಸ್ಕಿಯ ಬಂಡೆಯ ಮೇಲಿನ ಅಕ್ಷರ ಬಿತ್ತು. ಅದು ಅಶೋಕನ ಶಾಸನ. ದೇಶದ ಉದ್ದಗಲಕ್ಕೂ ಅವನ ಶಾಸನಗಳು ಅದಾಗಲೇ ಸಿಕ್ಕಿದ್ದವು. ಆದರೆ ಅವುಗಳಲ್ಲೆಲ್ಲ 'ದೇವಾನಂಪ್ರಿಯ', 'ಪ್ರಿಯದರ್ಶಿ' ಅನ್ನುವ ಬಿರುದು ಮಾತ್ರ ಇತ್ತು. ಆ ರಾಜ ಅಶೋಕನೇ ಇರಬೇಕು ಅಂತ ಪಂಡಿತರು ಸಿಂಹಳದ ಹಳೇ ಗ್ರಂಥಗಳನ್ನು ನೋಡಿ ಹೇಳುತ್ತಿದ್ದರು. ಅವನದೇ ಶಾಸನದಲ್ಲಿ ಅಶೋಕ ಅನ್ನುವ ಹೆಸರು ಮೊದಲು ಸಿಕ್ಕಿದ್ದು ನಮ್ಮ ಮಸ್ಕಿಯಲ್ಲಿ! ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳದಲ್ಲೂ ಆ ಹೆಸರು ಸಿಕ್ಕಿತು. ನಮ್ಮ ಕೊಪ್ಪಳದ ಗವಿಮಠದ ಗುಡ್ಡ, ಪಾಲ್ಕಿಗುಂಡು ಎರಡೂ ಕಡೆ ಅವನ ಶಾಸನಗಳಿವೆ. ಗವಿಮಠದ ಜಾತ್ರೆಗೆ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದೆನಲ್ಲ, ಆಗ ನನಗೂ ಇದು ಗೊತ್ತಿರಲಿಲ್ಲ.

ಮುಂದಿನ ವಾರ ಮಸ್ಕಿಯಲ್ಲಿ ಬಸ್ ನಿಂತಾಗ ಬ್ಯಾಗ್ ತೆಗೆದುಕೊಂಡು ಇಳಿದುಬಿಟ್ಟೆ. ಬಿಸಿಲಲ್ಲಿ ಬಂಡೆಯ ಹತ್ತಿರ ಹೋಗಿ ನಿಂತೆ. ಒಂದಕ್ಷರ ಓದಲು ಬರಲಿಲ್ಲ. ಆದರೂ ಕಣ್ಣು ತುಂಬಿ ಬಂತು. ಅವತ್ತು ಲಿಂಗಸುಗೂರಿಗೆ ಮುಟ್ಟುವಷ್ಟರಲ್ಲಿ ಅಂಗಡಿ ಮುಚ್ಚಿದ್ದವು. ಕಂಪನಿಯಲ್ಲಿ ಬೈಸಿಕೊಂಡೆ. ಬೇಜಾರಾಗಲಿಲ್ಲ.

ಅಂದಿನಿಂದ ಹೋಗುವ ಊರಿನ ಬಗ್ಗೆ, ಇಲ್ಲವೆ ದಾರಿಯಲ್ಲಿ ಸಿಗುವ ಊರಿನ ಬಗ್ಗೆ ಬರೆದ ಪುಸ್ತಕವನ್ನೇ ಹುಡುಕತೊಡಗಿದೆ. ಪ್ರವಾಸಿಗರಿಗೆ ಅಂತ ಮಾಡಿದ ಗೈಡು ಅಲ್ಲ. ಆ ಊರಿನಲ್ಲಿ ಯಾರು ಏನು ಮಾಡಿದರು, ಯಾಕೆ ಮಾಡಿದರು ಅಂತ ಹೇಳುವ ಪುಸ್ತಕ.

ಈಗ ನಿನ್ನ ಕೋಲ್ಕತ್ತಾಗೆ ಬರುತ್ತೇನೆ. ಜೇಮ್ಸ್ ಪ್ರಿನ್ಸೆಪ್ ಬಗ್ಗೆ ಓದು. ಅಲ್ಲಿನ ಟಂಕಸಾಲೆಯಲ್ಲಿ ನಾಣ್ಯದ ಲೋಹ ಪರೀಕ್ಷೆ ಮಾಡುವುದು ಅವನ ನೌಕರಿ. ಬಿಡುವಿನಲ್ಲಿ ಹಳೇ ಲಿಪಿಯ ಹುಚ್ಚು. ಸಾಂಚಿಯ ಸ್ತೂಪದ ಕಲ್ಲುಗಳ ಮೇಲೆ ಒಂದೊಂದು ಸಾಲಿನ ಚಿಕ್ಕ ಬರಹಗಳಿದ್ದವು. ಅವುಗಳ ನಕಲು ತರಿಸಿಕೊಂಡು ನೋಡಿದಾಗ ಬಹಳಷ್ಟು ಸಾಲುಗಳು ಅವೇ ಎರಡು ಅಕ್ಷರಗಳಲ್ಲಿ ಮುಗಿಯುತ್ತಿದ್ದವು. ನಮ್ಮ ಗುಡಿಗಳಲ್ಲಿ ಇಂಥವರ ಸೇವೆ ಅಂತ ಕೆತ್ತಿಸುತ್ತಾರಲ್ಲ, ಹಾಗೆ ಇವು ಕೊಟ್ಟವರ ಹೆಸರಿರಬೇಕು, ಕೊನೆಯ ಮಾತು 'ದಾನಂ' ಇರಬೇಕು ಅಂತ ಅವನು ಊಹಿಸಿದ. ಅಲ್ಲಿಂದ ದ, ನ ಸಿಕ್ಕವು. 1837ರಲ್ಲಿ, ಅಶೋಕನ ಶಾಸನಗಳನ್ನು ಕೆತ್ತಿದ ಬ್ರಾಹ್ಮಿ ಲಿಪಿಯ ಬೀಗ ತೆರೆಯಿತು. ಲೆಕ್ಕದ ಪುಸ್ತಕದಲ್ಲಿ ಒಂದೇ ನಮೂದು ಮತ್ತೆ ಮತ್ತೆ ಬಂದರೆ ನಿನ್ನ ಕಣ್ಣು ಅಲ್ಲೇ ನಿಲ್ಲುತ್ತದೆ ಅಂತ ನೀನೇ ಹೇಳಿದ್ದೆ, ಅಲ್ವಾ? ಅವನ ಕಣ್ಣೂ ಹಾಗೇ ನಿಂತಿತ್ತು. ದುಡಿದು ದುಡಿದು ಆರೋಗ್ಯ ಕೆಟ್ಟು 1840ರಲ್ಲಿ ತೀರಿಕೊಂಡ. ಬರೀ 40 ವರ್ಷ. ಅವನು ಲಿಪಿ ಬಿಡಿಸದಿದ್ದರೆ ಮಸ್ಕಿಯ ಬಂಡೆಯಲ್ಲಿ ಯಾರ ಹೆಸರಿದೆ ಅಂತ ಹೇಗೆ ತಿಳಿಯುತ್ತಿತ್ತು?

ಅವನು ಕಾರ್ಯದರ್ಶಿಯಾಗಿದ್ದ ಏಷ್ಯಾಟಿಕ್ ಸೊಸೈಟಿ ಈಗಲೂ ಪಾರ್ಕ್ ಸ್ಟ್ರೀಟಿನಲ್ಲಿದೆ. ರಾಜಸ್ಥಾನದ ಬೈರಾಟದಿಂದ ತಂದ ಅಶೋಕನ ಒಂದು ಶಾಸನವೂ ಅಲ್ಲಿದೆ. ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಹೋಗು.

ಪುಸ್ತಕ ಕೊಳ್ಳುವಾಗ ಮೊದಲ ಪುಟ ನೋಡಿ ಕೊಳ್ಳಬೇಡ. ಮೊದಲ ಪುಟವನ್ನು ಎಲ್ಲರೂ ಚೆನ್ನಾಗಿಯೇ ಬರೆದಿರುತ್ತಾರೆ. ನಡುವೆ ಎಲ್ಲಾದರೂ ತೆಗೆದು, ನಿಂತಲ್ಲೇ ಎರಡು ಪುಟ ಓದು. ಹಿಡಿಸಿದರೆ ಮಾತ್ರ ತೆಗೆದುಕೋ. ಬರೆದವರು ಆ ಜಾಗಕ್ಕೆ ಕಾಲಿಟ್ಟಿದ್ದಾರಾ, ಮೈಗೆ ಮಣ್ಣು ಮೆತ್ತಿಸಿಕೊಂಡಿದ್ದಾರಾ ಅನ್ನುವುದೂ ಅಲ್ಲೇ ತಿಳಿಯುತ್ತದೆ. ಅಧ್ಯಾಯ ಚಿಕ್ಕದಿದ್ದರೆ ಒಳ್ಳೆಯದು. ಟ್ಯಾಕ್ಸಿ ಬಂತು, ಮ್ಯಾನೇಜರ್ ಕರೆದರು ಅಂತ ನಡುವೆ ಎದ್ದರೂ ಎಳೆ ತಪ್ಪುವುದಿಲ್ಲ. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಅಂಥದ್ದು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಗಿಡ ಹುಡುಕುತ್ತಾ ಕಾಡು ಅಲೆದ ಕತೆ. ಗಿಡಗಳ ಬಗ್ಗೆ ಏನೂ ಗೊತ್ತಿಲ್ಲದ ನಾನೇ ಎರಡು ಸಲ ಓದಿದ್ದೇನೆ. ಸಿದ್ಧಲಿಂಗಯ್ಯನವರ ಆತ್ಮಕತೆ 'ಊರು ಕೇರಿ'ಯನ್ನೂ ಇಟ್ಟುಕೋ. ಬ್ಯಾಗಿಗೆ ಭಾರವಲ್ಲ. ಆದರೆ ಓದಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ.

ಫೋನಿನಲ್ಲಿ ಓದುತ್ತೇನೆ ಅನ್ನುತ್ತೀ. ನಿನ್ನ ಆಫೀಸೂ ಅದೇ ಫೋನಿನಲ್ಲಿದೆ. ಮೂರು ಸಾಲು ಓದುವಷ್ಟರಲ್ಲಿ ಯಾರಾದರೂ ಏನಾದರೂ ಕಳಿಸುತ್ತಾರೆ. ರಾತ್ರಿ ಒಂದು ಗಂಟೆ ಅದನ್ನು ದೂರ ಇಟ್ಟು ಕಾಗದದ ಪುಸ್ತಕ ಹಿಡಿ. ಪರಊರಿನ ಕೋಣೆಯಲ್ಲಿ ನೀನು ಒಬ್ಬಳೇ ಇರುತ್ತೀ ಅನ್ನುವುದೇ ನನಗೆ ಚಿಂತೆ. ಒಳ್ಳೆಯ ಪುಸ್ತಕ ಇದ್ದರೆ ಜೊತೆಗೆ ಯಾರೋ ಇದ್ದಾರೆ ಅನ್ನಿಸುತ್ತದೆ. ಸಿಂಧನೂರಿನ ಲಾಡ್ಜಿನಲ್ಲಿ ಕರೆಂಟು ಹೋದಾಗ ಮೇಣದ ಬತ್ತಿ ಹಚ್ಚಿಕೊಂಡು ಓದಿದ ರಾತ್ರಿಗಳಲ್ಲಿ ನನಗೆ ಹಾಗೇ ಅನ್ನಿಸುತ್ತಿತ್ತು.

ಶೇಂಗಾ ಚಟ್ನಿ, ಕಟಕ ರೊಟ್ಟಿಯ ಗಂಟಿನಲ್ಲಿ ಆ ಶಾಸನದ ಪುಸ್ತಕವನ್ನೂ ಇಟ್ಟಿದ್ದೇನೆ. ಎಣ್ಣೆ ತಾಗದಂತೆ ನಿಮ್ಮವ್ವ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದಾಳೆ. ಮಸ್ಕಿಯ ಪುಟದಲ್ಲಿ ಅವತ್ತಿನ ಬಸ್ ಟಿಕೆಟ್ ಇದೆ. ಅಕ್ಷರ ಅಳಿಸಿದೆ, ಆದರೂ ತೆಗೆಯಬೇಡ. ಎಲ್ಲೆಲ್ಲಿ ಓದಿದೆ ಅಂತ ಕೊನೆಯ ಹಾಳೆಯಲ್ಲಿ ಬರೆದಿದ್ದೇನೆ. ಅದರ ಕೆಳಗೆ ನೀನು ಕೋಲ್ಕತ್ತಾ ಅಂತ ಬರೆ, ತಾರೀಖು ಹಾಕು.

ವಾಪಸ್ ಬಂದಮೇಲೆ ಎರಡು ದಿನ ಹೆಚ್ಚಿಗೆ ರಜೆ ಹಾಕಿ ಊರಿಗೆ ಬಾ. ಬೆಳಗಿನ ಬಸ್ಸಿಗೆ ಮಸ್ಕಿಗೆ ಹೋಗೋಣ. ನಿಮ್ಮವ್ವನೂ ಬರುತ್ತಾಳಂತೆ.

ನಿನ್ನ ಅಪ್ಪ