ಲೆಕ್ಕದ ವಿಧಾನವನ್ನೂ ಹೇಳಿ

ಮಾನ್ಯರೇ,

ಬೆಂಗಳೂರು ರಾಜ್ಯದ ಆದಾಯಕ್ಕೆ ಇಷ್ಟು ಕೊಡುತ್ತದೆ, ಇಂಥ ಜಿಲ್ಲೆ ಅಷ್ಟು ಕೊಡುತ್ತದೆ ಎಂಬ ಅಂಕಿಗಳನ್ನು ಪತ್ರಿಕೆಗಳಲ್ಲಿ ಓದುತ್ತಿರುತ್ತೇವೆ. ಆದರೆ ಲೆಕ್ಕ ಹಾಕಿದ್ದು ಹೇಗೆ ಎಂದು ಯಾರೂ ಬರೆಯುವುದಿಲ್ಲ.

2015ರಲ್ಲಿ ಕೇಂದ್ರ ಸರ್ಕಾರ ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಮೂಲ ವರ್ಷವನ್ನು, ಅಂದರೆ ಯಾವ ವರ್ಷದ ಬೆಲೆಗಳಲ್ಲಿ ಲೆಕ್ಕ ಹಾಕುತ್ತಾರೋ ಆ ವರ್ಷವನ್ನು, 2004-05ರಿಂದ 2011-12ಕ್ಕೆ ಬದಲಿಸಿತು. ಜೊತೆಗೆ ವಿಧಾನವೂ ಬದಲಾಯಿತು. 2013-14ರ ಬೆಳವಣಿಗೆ ಶೇ 4.7 ಇದ್ದದ್ದು ಶೇ 6.9 ಆಯಿತು. ವರ್ಷ ಅದೇ, ದೇಶ ಅದೇ. ಕಾರ್ಖಾನೆಗಳೂ ಅವೇ ಅಲ್ವಾ?

ಆಗಿನಿಂದ ಜಿಡಿಪಿ ಲೆಕ್ಕದಲ್ಲಿ ಕಂಪನಿಗಳು ಸರ್ಕಾರಕ್ಕೆ ಸಲ್ಲಿಸುವ ವಾರ್ಷಿಕ ಲೆಕ್ಕಪತ್ರಕ್ಕೆ ತೂಕ ಜಾಸ್ತಿ. ಆ ಲೆಕ್ಕ ಇಡೀ ಕಂಪನಿಯದ್ದು. ಕಚೇರಿ ಎಂ.ಜಿ. ರಸ್ತೆಯಲ್ಲಿದ್ದು, ಕೆಲಸ ಬಳ್ಳಾರಿಯಲ್ಲಿ ನಡೆದರೆ ಅದು ಯಾವ ಊರಿನ ಆದಾಯ? ಯಾವುದೋ ಸೂತ್ರ ಹಿಡಿದು ಹಂಚಬೇಕು. ಸೂತ್ರ ಬದಲಾದರೆ ಜಿಲ್ಲೆಯ ಪಾಲೂ ಬದಲಾಗುತ್ತದೆ.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್ ಇದೆ. ಎರಡು ಲೇತ್ ಯಂತ್ರ, ನಾಲ್ಕು ಜನ, ಬೇರೆಯವರ ಜಾಬ್ ವರ್ಕ್. ಕಂಪನಿ ಅಲ್ಲದ ಕಾರಣ ನಮ್ಮ ಲೆಕ್ಕಪತ್ರ ಆ ಕಂಪನಿ ಲೆಕ್ಕಗಳ ಜೊತೆ ಹೋಗುವುದೇ ಇಲ್ಲ. ನಮ್ಮಂಥವರನ್ನು ಅಳೆಯುವುದು ಮಾದರಿ ಸಮೀಕ್ಷೆಯಿಂದ, ಅಂದರೆ ಕೆಲವರನ್ನಷ್ಟೇ ಕೇಳಿ ಎಲ್ಲರ ಲೆಕ್ಕ ಅಂದಾಜಿಸುವುದರಿಂದ. ಮೊದಲು ಆ ಸಮೀಕ್ಷೆ ಐದಾರು ವರ್ಷಕ್ಕೊಮ್ಮೆ ನಡೆಯುತ್ತಿತ್ತು, ನಡುವಿನ ವರ್ಷಗಳಿಗೆ ಹಳೆಯ ಅಂಕಿಯನ್ನೇ ಎಳೆದು ಅಂದಾಜು ಮಾಡುತ್ತಿದ್ದರು. ನೋಟು ರದ್ದಾದಾಗ ನನ್ನ ಲೇತ್ ವಾರಗಟ್ಟಲೆ ನಿಂತಿತ್ತು. ಅಂಥದ್ದು ಆ ಅಂದಾಜಿನಲ್ಲಿ ಹೇಗೆ ಕಾಣಬೇಕು? ಈಗ ಸಮೀಕ್ಷೆ ವರ್ಷವರ್ಷ ನಡೆಯುತ್ತಿರುವುದು ನಿಜಕ್ಕೂ ಒಳ್ಳೆಯದು.

ಹೊಸ ಅಂಕಿಯನ್ನು ಹಳೆಯ ಅಂಕಿಯ ಪಕ್ಕ ಸುಮ್ನೆ ಇಟ್ಟು ಹೋಲಿಸಬೇಡಿ. ಮೂಲ ವರ್ಷ ಯಾವುದು, ಮಾಹಿತಿ ಎಲ್ಲಿಯದು ಎಂದು ಪ್ರತಿ ಸಲ ಒಂದು ಸಾಲು ಅಚ್ಚು ಹಾಕಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಪೀಣ್ಯ, ಬೆಂಗಳೂರು