ಹುಡುಗಿಯರಿಗೂ ಮೈದಾನದಲ್ಲಿ ಒಂದು ಗಂಟೆ ಬೇಕು

ಸಂಪಾದಕರಿಗೆ ನಮಸ್ಕಾರ,

2025ರ ಜುಲೈಯಲ್ಲಿ ನಮ್ಮ ಮಹಿಳಾ ಫುಟ್‌ಬಾಲ್ ತಂಡ ಥಾಯ್ಲೆಂಡನ್ನು ಅವರದೇ ನೆಲದಲ್ಲಿ 2-1ರಿಂದ ಸೋಲಿಸಿತು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದ್ದು. ಅರ್ಹತಾ ಪಂದ್ಯ ಗೆದ್ದು ನಮ್ಮವರು ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲು. ಆ ಗೋಲುಗಳ ವಿಡಿಯೊವನ್ನು ನಮ್ಮ ಹುಡುಗಿಯರು ಎಷ್ಟು ಸಲ ನೋಡಿದರೋ! ಆದರೆ ಮಂಗಳೂರಿನಲ್ಲಿ ಸಂಜೆ ಹೊತ್ತು ಯಾವುದಾದರೂ ಮೈದಾನದ ಪಕ್ಕ ಸುಮ್ನೆ ನಿಂತು ನೋಡಿ. ಫುಟ್‌ಬಾಲ್ ಆಡುವ ಹುಡುಗಿಯರು ಎಷ್ಟು ಮಂದಿ ಕಾಣುತ್ತಾರೆ?

ನಾನು ನಗರದಲ್ಲಿ ಹುಡುಗಿಯರಿಗೆ ಫುಟ್‌ಬಾಲ್ ಕಲಿಸುತ್ತೇನೆ. ಹಗಲು ಬೇರೆ ಕೆಲಸ, ಬೆಳಿಗ್ಗೆ ಮತ್ತು ರಜೆಯ ದಿನ ಇದು. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು. ಅಣ್ಣನ ಹಳೆ ಶೂವಿನ ತುದಿಗೆ ಬಟ್ಟೆ ತುರುಕಿ ಆಡುತ್ತಿದ್ದೆ. ಕಾಲೇಜಿನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿಯಿತು, ಆಟ ಅಲ್ಲಿಗೆ ನಿಂತಿತು. ಆಗ ಒಬ್ಬ ಮಹಿಳಾ ಕೋಚ್ ಪಕ್ಕದಲ್ಲಿದ್ದು ನಾಲ್ಕು ಮಾತು ಹೇಳಿದ್ದರೆ ಎಂದು ಈಗಲೂ ಅನಿಸುತ್ತದೆ. ಯಾಕೆಂದರೆ ಈ ಪೆಟ್ಟು ಹುಡುಗರಿಗಿಂತ ಹುಡುಗಿಯರಿಗೆ ಜಾಸ್ತಿ ಆಗುತ್ತದೆ, ಮತ್ತು ಅದನ್ನು ಬಹಳಷ್ಟು ತಡೆಯಬಹುದು. ಫಿಫಾದ '11 ಪ್ಲಸ್' ಎಂಬ ವಾರ್ಮ್‌ಅಪ್ ಇದೆ, ಸುಮಾರು ಇಪ್ಪತ್ತು ನಿಮಿಷದ್ದು. ನಾರ್ವೆಯಲ್ಲಿ 13ರಿಂದ 17 ವರ್ಷದ ಹುಡುಗಿಯರ ತಂಡಗಳಲ್ಲಿ ಅದನ್ನು ಪರೀಕ್ಷಿಸಿದರು. ಮಾಡಿದವರಿಗೆ ಪೆಟ್ಟು ಕಡಿಮೆ ಎಂದು 2008ರಲ್ಲಿ ವರದಿ ಬಂತು. ಇದಕ್ಕೆ ಜಿಮ್ ಬೇಡ, ಚೆಂಡು ಬಿಟ್ಟರೆ ಬೇರೆ ಸಾಮಾನೂ ಬೇಡ. ಒಂದು ಕಾಲಿನ ಮೇಲೆ ನಿಲ್ಲುವುದು, ಹಾರಿ ಮೆತ್ತಗೆ ಇಳಿಯುವುದು, ಇಷ್ಟೇ. ಇಳಿಯುವಾಗ ಮೊಣಕಾಲು ಒಳಗೆ ವಾಲಬಾರದು, ಪಾದದ ನೇರಕ್ಕೆ ಇರಬೇಕು. ನಾನು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಒಬ್ಬೊಬ್ಬಳ ಮೊಣಕಾಲನ್ನೇ ನೋಡುತ್ತೇನೆ. ಗೋಲು ಹೊಡೆಯುವುದನ್ನು ಆಮೇಲೆ ಕಲಿಸಿದರೂ ಆಗುತ್ತದೆ.

ಹುಡುಗಿಯರು ಬರುತ್ತಾರೆ. ಆರನೇ, ಏಳನೇ ಕ್ಲಾಸಿನವರು ಖುಷಿಯಿಂದ ಬರುತ್ತಾರೆ. ಒಂಬತ್ತನೇ ಕ್ಲಾಸಿಗೆ ಬಂದರೆ ಒಬ್ಬೊಬ್ಬರೇ ನಿಲ್ಲುತ್ತಾರೆ. "ಟೀಚರೇ, ಇನ್ನು ಎಸ್ಸೆಸ್ಸೆಲ್ಸಿ ಅಲ್ವಾ, ಆಟ ಸಾಕು" ಎನ್ನುತ್ತಾರೆ ಮನೆಯವರು. ನಮ್ಮ ಜಿಲ್ಲೆಗಳಿಗೆ ಎಸ್ಸೆಸ್ಸೆಲ್ಸಿ ಎಂದರೆ ಎಷ್ಟು ದೊಡ್ಡ ವಿಷಯ ಎಂದು ಗೊತ್ತು. 2024ರಲ್ಲಿ ಉಡುಪಿ ರಾಜ್ಯಕ್ಕೆ ಮೊದಲು, 2025ರಲ್ಲಿ ದಕ್ಷಿಣ ಕನ್ನಡ. ಆದರೆ ಅದೇ ಮನೆಯ ಹುಡುಗ ಹತ್ತನೇ ಕ್ಲಾಸಿನಲ್ಲೂ ಸಂಜೆ ಆಡಲು ಹೋಗುತ್ತಾನಲ್ಲ, ಅವನನ್ನು ಯಾರೂ ತಡೆಯುವುದಿಲ್ಲ.

ಇನ್ನೊಂದು ವಿಷಯ ಬರೆಯಲು ಸಂಕೋಚವಾಗುತ್ತದೆ, ಆದರೂ ಬರೆಯಲೇಬೇಕು. ನಾವು ಅಭ್ಯಾಸ ಮಾಡುವ ಮೈದಾನದ ಶೌಚಾಲಯಕ್ಕೆ ಯಾವಾಗಲೂ ಬೀಗ. ಹುಡುಗರು ಗೋಡೆ ಬದಿಗೆ ಹೋಗುತ್ತಾರೆ. ಹುಡುಗಿಯರು ಏನು ಮಾಡುತ್ತಾರೆ ಗೊತ್ತಾ? ಬೆಳಿಗ್ಗೆಯಿಂದ ನೀರು ಕುಡಿಯದೆ ಬರುತ್ತಾರೆ. ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲಿ! ಬಾಟಲಿ ತುಂಬಿಸಿ ತರುತ್ತಾರೆ, ತುಂಬಿದ್ದು ಹಾಗೆಯೇ ಮನೆಗೆ ವಾಪಸ್ ಹೋಗುತ್ತದೆ. ತಿಂಗಳ ಆ ದಿನಗಳಲ್ಲಿ ಬರುವುದೇ ಇಲ್ಲ. ಇದನ್ನು ಗಂಡಸು ಕೋಚ್ ಹತ್ತಿರ ಯಾವ ಹುಡುಗಿಯೂ ಬಾಯಿ ಬಿಟ್ಟು ಹೇಳುವುದಿಲ್ಲ. ನನ್ನ ಹತ್ತಿರ ಹೇಳಿದ್ದೂ ತಡವಾಗಿ.

ಅದಕ್ಕೇ ನಮ್ಮೂರಿನಲ್ಲೇ ಮಹಿಳಾ ಕೋಚ್‌ಗಳು ತಯಾರಾಗಬೇಕು ಎಂದು ನಾನು ಪದೇ ಪದೇ ಹೇಳುವುದು. ಮೊನ್ನೆ ಒಬ್ಬರು ತಾಯಿ ಬಂದು, ತಲೆಗೆ ಶಾಲು ಹಾಕಿಕೊಂಡು ಆಡಬಹುದಾ ಎಂದು ಮೆಲ್ಲ ಕೇಳಿದರು. ಆಡಬಹುದು, ಫುಟ್‌ಬಾಲ್ ನಿಯಮದಲ್ಲಿ 2014ರಿಂದಲೇ ಅವಕಾಶ ಇದೆ ಎಂದೆ. ಮರುದಿನವೇ ಮಗಳು ಬಂದಳು. ಭಾರತ ತಂಡಕ್ಕೆ ಆಡಿದ ಮಣಿಪುರದ ಬೆಂಬೆಮ್ ದೇವಿ ಚಿಕ್ಕವರಿದ್ದಾಗ ಹುಡುಗರ ಹೆಸರು ಹೇಳಿಕೊಂಡು ಹುಡುಗರ ಜೊತೆ ಆಡಿದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ನಮ್ಮ ಹುಡುಗಿಯರು ತಮ್ಮ ಹೆಸರಿನಲ್ಲೇ ಆಡಲಿ.

ಜಾರ್ಖಂಡಿನ ಹಳ್ಳಿಗಳಲ್ಲಿ 2009ರಲ್ಲಿ ಶುರುವಾದ 'ಯುವಾ' ಸಂಸ್ಥೆ ಇದನ್ನು ಮಾಡಿ ತೋರಿಸಿದೆ. ಅಲ್ಲಿ ಆಡಿ ಬೆಳೆದ ಹುಡುಗಿಯರೇ ಚಿಕ್ಕವರಿಗೆ ಕೋಚ್ ಆಗುತ್ತಾರೆ. ಇಲ್ಲೂ ಕಾಲೇಜು ಮುಗಿಸಿದ ಆಟಗಾರ್ತಿಯರು ಇದ್ದಾರೆ. ಕೋಚಿಂಗ್ ಲೈಸೆನ್ಸ್ ಕೋರ್ಸ್‌ಗೆ ಹೋಗಬೇಕೆಂದರೆ ಫೀಸು, ಊಟ, ವಸತಿ, ಮೇಲಿಂದ ರಜೆ ಹಾಕಿದ ದಿನಗಳ ಸಂಬಳ ಕಟ್. ಇಷ್ಟು ಯಾರು ಕೈಯಿಂದ ಹಾಕುತ್ತಾರೆ? ಟೂರ್ನಮೆಂಟಿಗೆ ದೊಡ್ಡ ಟ್ರೋಫಿ ಕೊಡಿಸುವ ದಾನಿಗಳು ನಮ್ಮಲ್ಲಿ ತುಂಬಾ ಮಂದಿ ಇದ್ದಾರೆ. ವರ್ಷಕ್ಕೆ ಇಬ್ಬರು ಹುಡುಗಿಯರ ಕೋರ್ಸಿನ ಖರ್ಚು ನೋಡಿಕೊಳ್ಳಿ ಎಂದು ಅವರಲ್ಲಿ ಕೇಳಿಕೊಳ್ಳುತ್ತೇನೆ.

ಮೈದಾನ ನೋಡಿಕೊಳ್ಳುವವರಲ್ಲಿ ನನ್ನ ಬೇಡಿಕೆ ಸಣ್ಣದು. ವಾರಕ್ಕೆ ಎರಡು ಸಂಜೆ, ಐದರಿಂದ ಆರು, ಹುಡುಗಿಯರಿಗೆಂದೇ ಬರೆದಿಡಿ. ಕತ್ತಲಾಗುವ ಮೊದಲು ಅವರು ಬಸ್ ಹತ್ತಬೇಕು. ಮತ್ತೆ ಆ ಶೌಚಾಲಯದ ಬೀಗದ ಕೈ ನಮ್ಮ ಹತ್ತಿರ ಕೊಡಿ, ತೊಳೆದು ಇಟ್ಟುಕೊಳ್ಳುವುದು ನಾವೇ ಮಾಡುತ್ತೇವೆ.

— ಒಬ್ಬ ಫುಟ್‌ಬಾಲ್ ತರಬೇತುದಾರೆ, ಮಂಗಳೂರು