ನನ್ನ ಟಿಕೆಟನ್ನು ನಾನೇ ತೆಗೆಯುವಂತಾಗಬೇಕು: ಬಸ್ ಟಿಕೆಟ್ ಸಂಸ್ಥೆಗೆ ಒಂದು ದೂರು ಪತ್ರ

ಇಂದ:
ನಿಮ್ಮ ನೋಂದಾಯಿತ ಗ್ರಾಹಕ, ಸಂಗೀತ ಶಿಕ್ಷಕ,
ಬೆಟಗೇರಿ, ಗದಗ

ಗೆ:
ಗ್ರಾಹಕ ಸೇವಾ ವಿಭಾಗದ ಮುಖ್ಯಸ್ಥರು,
ಬಸ್ ಟಿಕೆಟ್ ಕಾಯ್ದಿರಿಸುವ ಸಂಸ್ಥೆ

ವಿಷಯ: ಹೊಸ ವಿನ್ಯಾಸ ಬಂದ ಮೇಲೆ ನಿಮ್ಮ ಜಾಲತಾಣ ಹಾಗೂ ಆ್ಯಪ್ ಅಂಧ ಪ್ರಯಾಣಿಕರ ಬಳಕೆಗೆ ಬಾರದಂತಾಗಿರುವ ಕುರಿತು.

ಮಾನ್ಯರೇ,

ನಾನು ಹುಟ್ಟಿನಿಂದ ದೃಷ್ಟಿಹೀನ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಂಗೀತ ಕಲಿತು, ಈಗ ಬೆಟಗೇರಿಯಲ್ಲಿ ಮಕ್ಕಳಿಗೆ ಹಾರ್ಮೋನಿಯಂ ಹೇಳಿಕೊಡುತ್ತ, ಗಾಯಕರು ಕರೆದಾಗ ಸಾಥ್ ನೀಡಲು ಪುಣೆ, ಸೊಲ್ಲಾಪುರ, ಬೆಂಗಳೂರುಗಳಿಗೆ ಹೋಗಿಬರುತ್ತೇನೆ. ನಾಲ್ಕು ವರ್ಷಗಳಿಂದ ನನ್ನ ಟಿಕೆಟನ್ನು ನಿಮ್ಮಲ್ಲಿ ನಾನೇ, ಯಾರ ನೆರವೂ ಇಲ್ಲದೆ, ಕಾಯ್ದಿರಿಸುತ್ತ ಬಂದಿದ್ದೆ. ಫೋನಿನಲ್ಲಿ ಟಾಕ್‌ಬ್ಯಾಕ್, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್ ಬಳಸುತ್ತೇನೆ. ಪರದೆಯ ಮೇಲಿರುವುದನ್ನು ಇವು ಓದಿ ಹೇಳುತ್ತವೆ. ಆದರೆ ಪುಟವನ್ನು ಬರೆದವರು ಪ್ರತಿಯೊಂದಕ್ಕೂ ಹೆಸರು ಕೊಟ್ಟಿದ್ದರೆ ಮಾತ್ರ.

ನಿಮ್ಮ ಹಳೆಯ ಪುಟದಲ್ಲಿ ಆ ಹೆಸರುಗಳಿದ್ದವು. "ಆಸನ 7, ಕೆಳಗಿನ ಬರ್ತ್, ಕಿಟಕಿ ಪಕ್ಕ, ಖಾಲಿ" ಎಂದು ಕೇಳಿಸುತ್ತಿತ್ತು, ನಾನು ಆರಿಸಿಕೊಳ್ಳುತ್ತಿದ್ದೆ. ಎರಡು ತಿಂಗಳ ಹಿಂದೆ ನೀವು ತಂದ ಹೊಸ ವಿನ್ಯಾಸದಲ್ಲಿ ಆಸನಗಳ ನಕ್ಷೆ ಬರಿಯ ಚಿತ್ರವಾಗಿದೆ. ಬೆರಳು ಎಲ್ಲಿ ಇಟ್ಟರೂ "ಬಟನ್, ಬಟನ್, ಬಟನ್" ಎಂಬ ಒಂದೇ ಮಾತು. ಯಾವ ಬಟನ್ ಯಾವ ಆಸನ, ಅದು ಮೇಲಿನದೋ ಕೆಳಗಿನದೋ, ಖಾಲಿ ಇದೆಯೋ ಮಾರಾಟವಾಗಿದೆಯೋ ಯಾವುದೂ ತಿಳಿಯುವುದಿಲ್ಲ. ಖಾಲಿ ಆಸನಕ್ಕೆ ಒಂದು ಬಣ್ಣ, ಮಹಿಳೆಯರಿಗೆ ಮೀಸಲಾದ ಆಸನಕ್ಕೆ ಗುಲಾಬಿ ಬಣ್ಣ ಹಾಕಿದ್ದೀರೆಂದು ಬೇರೆಯವರಿಂದ ಕೇಳಿ ತಿಳಿದೆ. ಬಣ್ಣವೊಂದರಿಂದಲೇ ವಿಷಯ ತಿಳಿಸುವುದಾದರೆ, ನಾನು ತಿಳಿಯದೆ ಮಹಿಳೆಯರ ಆಸನವನ್ನು ಒತ್ತಿ, ಬಸ್ಸಿನಲ್ಲಿ ಹತ್ತು ಜನರ ಮುಂದೆ ಎದ್ದು ನಿಲ್ಲಬೇಕಾದ ಸ್ಥಿತಿ ಬರುತ್ತದೆ. ಹಾರ್ಮೋನಿಯಂನಲ್ಲಿ ನಾವೂ "ಕಪ್ಪು ಎರಡು", "ಬಿಳಿ ನಾಲ್ಕು" ಎಂದು ಬಣ್ಣದ ಹೆಸರಿನಿಂದಲೇ ಶ್ರುತಿ ಹೇಳುತ್ತೇವೆ. ಆದರೆ ಕಪ್ಪು ಕೀಲಿಗಳು ಬಿಳಿಯವುಗಳಿಗಿಂತ ಎತ್ತರದಲ್ಲಿವೆ, ಎರಡು ಮೂರರ ಗುಂಪಿನಲ್ಲಿವೆ. ಹಾಗಾಗಿ ಬಣ್ಣವನ್ನೇ ಕಾಣದ ನನ್ನ ಬೆರಳುಗಳಿಗೆ ಅವು ಒಮ್ಮೆಯೂ ತಪ್ಪುವುದಿಲ್ಲ. ಬಣ್ಣವನ್ನು ತೆಗೆಯಿರಿ ಎಂದು ನಾನು ಕೇಳುತ್ತಿಲ್ಲ, ಬಣ್ಣದ ಜೊತೆಗೆ ಮಾತನ್ನೂ ಇಡಿ ಎಂದು ಕೇಳುತ್ತಿದ್ದೇನೆ.

ಕಳೆದ ತಿಂಗಳ 14ರಂದು ಪುಣೆಯ ಕಾರ್ಯಕ್ರಮಕ್ಕಾಗಿ ಹುಬ್ಬಳ್ಳಿಯಿಂದ ಹೊರಡುವ ರಾತ್ರಿಯ ಸ್ಲೀಪರ್ ಬಸ್ಸಿಗೆ ಟಿಕೆಟ್ ತೆಗೆಯಲು ಸಂಜೆ ಸುಮಾರು ಒಂದೂವರೆ ಗಂಟೆ ಪ್ರಯತ್ನಿಸಿದೆ. ಲಾಗಿನ್ ಆಗುವಲ್ಲಿಯೇ ವಕ್ರವಾದ ಅಕ್ಷರಗಳ ಚಿತ್ರ ತೋರಿಸಿ ಅದನ್ನು ಬರೆಯಿರಿ ಎನ್ನುವ ಕ್ಯಾಪ್ಚಾ ಬಂತು, ಅದಕ್ಕೆ ಧ್ವನಿಯ ಪರ್ಯಾಯವಿರಲಿಲ್ಲ. ಅದನ್ನು ಪಕ್ಕದ ಮನೆಯವರಿಂದ ಓದಿಸಿಕೊಂಡು ಒಳಗೆ ಹೋದರೆ, ಆಸನದ ನಕ್ಷೆಯಲ್ಲಿ ತಡಕಾಡುತ್ತಿರುವಾಗಲೇ ಸಮಯ ಮುಗಿದು ಪುಟ ಮೊದಲಿಗೆ ಮರಳಿತು. ಸಮಯ ಮುಗಿಯುತ್ತಿದೆ ಎಂಬ ಎಚ್ಚರಿಕೆ ನನಗೆ ಕೇಳಿಸಲೇ ಇಲ್ಲ. ಗಡಿಯಾರವೂ ಚಿತ್ರದಲ್ಲಿಯೇ ಇತ್ತೆಂದು ಆಮೇಲೆ ತಿಳಿಯಿತು. ಒಬ್ಬರು ಆರಿಸಿದ ಆಸನವನ್ನು ನೀವು ಬಹಳ ಹೊತ್ತು ಹಿಡಿದಿಡಲಾಗದು ಎಂಬುದು ನನಗೆ ಅರ್ಥವಾಗುತ್ತದೆ, ಆದರೆ ಮುಗಿಯುವ ಮುಂಚೆ ಕೇಳಿಸುವಂತೆ ಹೇಳಿ ಇನ್ನೊಂದಿಷ್ಟು ಸಮಯ ಪಡೆಯುವ ಅವಕಾಶ ಕೊಡುವುದು ಕಷ್ಟದ ಕೆಲಸವಲ್ಲ.

ಮೂರನೆಯ ಬಾರಿಯೂ ಹೀಗೆಯೇ ಆದ ಮೇಲೆ ನಿಮ್ಮ ಸಹಾಯವಾಣಿಗೆ ಕರೆ ಮಾಡಿದೆ. ಮಾತನಾಡಿದವರು ಸೌಜನ್ಯದಿಂದಲೇ, "ಮನೆಯಲ್ಲಿ ಕಣ್ಣು ಕಾಣುವವರು ಯಾರಾದರೂ ಇದ್ದರೆ ಅವರಿಂದ ಮಾಡಿಸಿಕೊಳ್ಳಿ ಸರ್" ಎಂದರು. ನನ್ನ ಹೆಂಡತಿಗೂ ಕಣ್ಣು ಕಾಣುವುದಿಲ್ಲ. ಮಗಳಿಗೆ ಕಾಣುತ್ತದೆ, ಅವಳು ಮೂರನೆಯ ತರಗತಿಯಲ್ಲಿದ್ದಾಳೆ. ಆ ಮಗುವಿನ ಕೈಗೆ ಬ್ಯಾಂಕಿನ ವ್ಯವಹಾರ ಕೊಡಲು ನಾನು ಸಿದ್ಧನಿಲ್ಲ. ಕೊನೆಗೆ ಓಣಿಯ ಮೊಬೈಲ್ ಅಂಗಡಿಗೆ ಹೋಗಿ, ಹೆಚ್ಚು ಪರಿಚಯವಿಲ್ಲದ ಹುಡುಗನ ಕೈಗೆ ಫೋನು ಮತ್ತು ಕಾರ್ಡು ಎರಡನ್ನೂ ಕೊಟ್ಟು, ಬಂದ ಓಟಿಪಿಯನ್ನು ಅವನಿಗೆ ಹೇಳಿದೆ. "ಓಟಿಪಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ" ಎಂದು ನಿಮ್ಮ ಪ್ರತಿ ಸಂದೇಶದಲ್ಲೂ ಬರೆಯುತ್ತೀರಿ. ಅದೇ ಸಂಸ್ಥೆಯ ಪುಟ ನನ್ನಂಥವರನ್ನು ಹಂಚಿಕೊಳ್ಳಲೇಬೇಕಾದ ಇಕ್ಕಟ್ಟಿಗೆ ತಳ್ಳುತ್ತಿದೆ. ಆ ಹುಡುಗ ಪ್ರಾಮಾಣಿಕನಾಗಿದ್ದ, ಹಣ ಹೋಗಲಿಲ್ಲ. ಆದರೆ ನನ್ನ ಹಣದ ಸುರಕ್ಷತೆ ಅಂಗಡಿಯ ಹುಡುಗನ ಒಳ್ಳೆಯತನದ ಮೇಲೆ ನಿಲ್ಲಬೇಕೆ ಎಂಬುದು ಈ ದೂರಿನ ಮುಖ್ಯ ಪ್ರಶ್ನೆ.

ಅವಸರದಲ್ಲಿ ಅವನು ತೆಗೆದ ಟಿಕೆಟ್ ಹಿಂದಿನ ಸಾಲಿನ ಮೇಲಿನ ಬರ್ತ್‌ನದು. ಟಿಕೆಟ್ ಕೂಡ ಚಿತ್ರವಾಗಿ ಬಂದದ್ದರಿಂದ ಅದರಲ್ಲಿ ಏನಿದೆಯೆಂದು ನನ್ನ ಫೋನು ಓದಲಿಲ್ಲ. ಹುಬ್ಬಳ್ಳಿಯಲ್ಲಿ ಆ ಬಸ್ಸು ಹತ್ತಲು ಎರಡು ಜಾಗಗಳಿದ್ದವು. ಗದಗಿನಿಂದ ಸುಮಾರು 60 ಕಿಲೋಮೀಟರ್ ಬಂದು ವಿದ್ಯಾನಗರದಲ್ಲಿ ಇಳಿದು ಕಾದೆ, ನನ್ನ ಟಿಕೆಟ್ಟಿನಲ್ಲಿದ್ದದ್ದು ಗೋಕುಲ ರಸ್ತೆ. ರಾತ್ರಿ ಹತ್ತರ ಹೊತ್ತಿಗೆ ಹಾರ್ಮೋನಿಯಂ ಪೆಟ್ಟಿಗೆಯನ್ನು ಹೊತ್ತು ಆಟೋ ಹಿಡಿದು ಓಡಿದೆ. ಆ ಪೆಟ್ಟಿಗೆಯನ್ನು ಮೇಲಿನ ಬರ್ತ್‌ಗೆ ಒಯ್ಯಲಾಗದೆ ಕೆಳಗೆ ನಡುದಾರಿಯಲ್ಲಿಟ್ಟು, ಯಾರ ಕಾಲು ಬಡಿಯುತ್ತದೋ ಎಂದು ಬೆಳಗಿನವರೆಗೆ ನಿದ್ದೆಯಿಲ್ಲದೆ ಕಳೆದೆ. ಪುಣೆಯಲ್ಲಿ ತೆರೆದು ನೋಡಿದಾಗ ಎರಡು ಸ್ವರಗಳ ರೀಡು ಸಡಿಲಾಗಿತ್ತು. ದುರಸ್ತಿಯ ಖರ್ಚನ್ನು ನಾನು ನಿಮ್ಮಿಂದ ಕೇಳುತ್ತಿಲ್ಲ.

ಇನ್ನೊಂದು ಸಂಗತಿ ಕನ್ನಡದ ಗ್ರಾಹಕರಿಗೆ ಸಂಬಂಧಿಸಿದ್ದು. ನಿಮ್ಮ ಕನ್ನಡ ಪುಟದ ಒಳಗೆ ಭಾಷೆ ಇಂಗ್ಲಿಷ್ ಎಂದೇ ನಮೂದಾಗಿರುವುದರಿಂದ ಸ್ಕ್ರೀನ್ ರೀಡರ್ ತಾನಾಗಿ ಕನ್ನಡದ ಧ್ವನಿಗೆ ಬದಲಾಗುವುದಿಲ್ಲ. ಭಾಷೆಯ ಗುರುತನ್ನು ಸರಿಪಡಿಸುವುದು ಒಂದು ಸಾಲಿನ ಕೆಲಸ. ಟಿಕೆಟ್ ರದ್ದತಿಯ ನಿಯಮಗಳ ಪಿಡಿಎಫ್ ಹಳೆಯ ಕಾಲದ ಫಾಂಟಿನಲ್ಲಿದೆ, ಕನ್ನಡವನ್ನು ಕನ್ನಡವೆಂದೇ ಯಂತ್ರ ಗುರುತಿಸುವ ಯೂನಿಕೋಡ್‌ನಲ್ಲಿಲ್ಲ. ಕಣ್ಣಿಗೆ ಅದು ಕನ್ನಡವಾಗಿ ಕಾಣುತ್ತದಂತೆ, ಕಿವಿಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಹಣ ಎಷ್ಟು ಕಡಿತವಾಗುತ್ತದೆಂದು ಓದಲಾಗದ ನಿಯಮಕ್ಕೆ "ಒಪ್ಪಿದ್ದೇನೆ" ಎಂದು ಗುರುತು ಹಾಕಿಸಿಕೊಳ್ಳುವುದು ನ್ಯಾಯವಲ್ಲ.

ಇದೆಲ್ಲ ಹೇಗಿರಬೇಕೆಂಬುದಕ್ಕೆ ಮಾನದಂಡಗಳಿಲ್ಲ ಎನ್ನುವಂತಿಲ್ಲ. ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಿಂದಲೇ ಇದೆ, ಅದರ 2.2 ಆವೃತ್ತಿ 2023ರಲ್ಲಿ ಬಂದಿದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 17802 ಕೂಡ ಇದೆ. ಸೇವೆಗಳು ಅಂಗವಿಕಲರೂ ಬಳಸುವಂತಿರಬೇಕು ಎನ್ನುವ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 46ನೆಯ ಕಲಮು ಸರ್ಕಾರಿ ಸೇವೆಗಳಿಗೆ ಮಾತ್ರವಲ್ಲ, ಖಾಸಗಿ ಸೇವೆಗಳಿಗೂ ಅನ್ವಯಿಸುತ್ತದೆ. ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೆಯ ವಿಧಿಯಲ್ಲಿರುವ ಬದುಕುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಏಪ್ರಿಲ್ 30ರಂದು ಹೇಳಿದೆ. ಆ ಪ್ರಕರಣ ಬಂದದ್ದು ಬ್ಯಾಂಕು ಮತ್ತು ಫೋನ್ ಕಂಪನಿಗಳು ಗುರುತು ಪರಿಶೀಲನೆಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲು ಹೇಳುತ್ತಿದ್ದ ಕಾರಣಕ್ಕೆ. ಆಸಿಡ್ ದಾಳಿಗೆ ಒಳಗಾದವರಿಗೂ ಅಂಧರಿಗೂ ಅದು ಅಸಾಧ್ಯವಾಗಿತ್ತು. ನಿಮ್ಮ ಚಿತ್ರರೂಪದ ನಕ್ಷೆ ನನಗೆ ಅಷ್ಟೇ ಅಸಾಧ್ಯ.

ಅಂಧರಿಗಾಗಿ ಪ್ರತ್ಯೇಕ ಆ್ಯಪ್, ಪ್ರತ್ಯೇಕ ದೂರವಾಣಿ ನನಗೆ ಬೇಡ. ಎಲ್ಲರೂ ಬಳಸುವ ಪುಟವನ್ನೇ ನಾನೂ ಬಳಸುವಂತಾಗಬೇಕು. ಪ್ರತಿ ಆಸನಕ್ಕೆ ಸಂಖ್ಯೆ, ಸ್ಥಾನ, ದರ ಮತ್ತು ಖಾಲಿ ಇದೆಯೇ ಎಂಬುದನ್ನು ಹೇಳುವ ಲೇಬಲ್ ಕೊಡಿ. ಮೌಸ್ ಇಲ್ಲದೆ, ಕೀಲಿಮಣೆಯೊಂದರಿಂದಲೇ ಹಣ ಪಾವತಿಯವರೆಗೆ ಹೋಗುವಂತೆ ಮಾಡಿ. ಕ್ಯಾಪ್ಚಾವನ್ನು ತೆಗೆಯಿರಿ, ಹೇಗೂ ಓಟಿಪಿ ಕಳುಹಿಸುತ್ತೀರಲ್ಲ. ಟಿಕೆಟ್ಟಿನ ವಿವರಗಳನ್ನು ಸಾದಾ ಸಂದೇಶವಾಗಿಯೂ ಕಳುಹಿಸಿ. ಇವಿಷ್ಟನ್ನು ಮಾಡಿ ಪ್ರಕಟಿಸುವ ಮುಂಚೆ ಸ್ಕ್ರೀನ್ ರೀಡರನ್ನು ದಿನನಿತ್ಯ ಬಳಸುವ ಅಂಧರಿಂದ ಸಂಬಳ ಕೊಟ್ಟು ಪರೀಕ್ಷೆ ಮಾಡಿಸಿ. ಯಂತ್ರದ ಪರೀಕ್ಷೆ ಲೇಬಲ್ ಇದೆಯೇ ಎಂಬುದನ್ನು ಹೇಳಬಹುದು, ಅದು ಅರ್ಥವಾಗುತ್ತದೆಯೇ ಎಂಬುದನ್ನು ಹೇಳಲಾರದು. ಅಲ್ಲಿಯವರೆಗೆ ಹಳೆಯ ಆಸನಪಟ್ಟಿಗೆ ಹೋಗುವ ಒಂದು ಕೊಂಡಿಯನ್ನು ಕೂಡಲೇ ಮರಳಿ ಹಾಕಿ. ಆ ಪಟ್ಟಿಯ ಕೆಲಸ ನಿಮ್ಮಲ್ಲಿ ಒಮ್ಮೆ ಆಗಿಯೇ ಇದೆ.

ಈ ಪತ್ರ ತಲುಪಿದ 30 ದಿನಗಳ ಒಳಗೆ ಯಾವ ಕೆಲಸ ಯಾವ ದಿನಾಂಕಕ್ಕೆ ಮುಗಿಯುತ್ತದೆ ಎಂದು ಬರೆದು ತಿಳಿಸಬೇಕೆಂದು ಕೋರುತ್ತೇನೆ. ಉತ್ತರ ಬಾರದಿದ್ದರೆ ರಾಜ್ಯದ ಅಂಗವಿಕಲ ವ್ಯಕ್ತಿಗಳ ಆಯುಕ್ತರಿಗೂ ಗದಗ ಜಿಲ್ಲಾ ಗ್ರಾಹಕರ ಆಯೋಗಕ್ಕೂ ದೂರು ಸಲ್ಲಿಸುತ್ತೇನೆ. ಮುಂದಿನ ತಿಂಗಳು ಸೊಲ್ಲಾಪುರದಲ್ಲಿ ಕಾರ್ಯಕ್ರಮವಿದೆ, ಆ ಟಿಕೆಟನ್ನು ನಿಮ್ಮಲ್ಲಿಯೇ, ನನ್ನ ಕೈಯಿಂದಲೇ ತೆಗೆಯಬೇಕೆಂಬ ಆಸೆ ಇದೆ.

ದಯವಿಟ್ಟು ನಿಮ್ಮ ಉತ್ತರವನ್ನು ಸಹಿ ಮಾಡಿದ ಕಾಗದದ ಫೋಟೋ ಆಗಿ ಕಳುಹಿಸದೆ, ಇಮೇಲ್‌ನಲ್ಲಿ ಯೂನಿಕೋಡ್ ಪಠ್ಯವಾಗಿ ಬರೆದು ಕಳುಹಿಸಿ.

ಇಂತಿ,
ನಿಮ್ಮ ಗ್ರಾಹಕ
ಬೆಟಗೇರಿ, ಗದಗ